ಕಾಕಾನ ಮಂದ ನಕ್ಷತ್ರ, ಕಾಕೂನ ರೊಟ್ಟಿ

ಕರೆಂಟ್ ಹೋಗಬಹುದಿತ್ತು. ಪ್ರೊಜೆಕ್ಟರಿನ ಬಲ್ಬು ಸುಡಬಹುದಿತ್ತು. ಪುಣೆಯಿಂದ ಬರುವ ಪರೀಕ್ಷಕರ ರೈಲು ಲೋಂಡಾದಲ್ಲೇ ನಿಂತುಬಿಡಬಹುದಿತ್ತು. ನಮ್ಮ ಕಾಕಾ ಒಂದು ಕಾಲಿಗೆ ಕರೀ ಬೂಟು, ಇನ್ನೊಂದಕ್ಕೆ ಕಂದು ಬೂಟು ಹಾಕಿಕೊಂಡು ಬರಬಹುದಿತ್ತು. ಹಿಂದೆ ಬಂದದ್ದೂ ಉಂಟು! ಇದನ್ನೆಲ್ಲ ನಾನು ಒಂದು ವಾರ ಮೊದಲೇ ಚಿಂತಿಸಿ ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಚಿಂತೆಯ ಖಾತೆ ನನ್ನದೇ.

ಅವತ್ತು ಕಾಕಾನ ಪಿಎಚ್.ಡಿ. ಮೌಖಿಕ ಪರೀಕ್ಷೆ. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಹನ್ನೊಂದು ವರ್ಷ ಎಳೆದ ಸಂಶೋಧನೆ. ನಿವೃತ್ತಿಗೆ ಉಳಿದದ್ದು ಎರಡು ವರ್ಷ. ಇದು ತಪ್ಪಿದರೆ ಇನ್ನೊಂದಿಲ್ಲ. ವಿಷಯ ಜೋಡಿ ನಕ್ಷತ್ರಗಳದು. ಜೋಡಿಯಲ್ಲಿ ಒಂದು ಸತ್ತು ಗಟ್ಟಿಯಾಗಿರುತ್ತದೆ. ಪಕ್ಕದ ನಕ್ಷತ್ರದ ದ್ರವ್ಯವನ್ನು ಎಳೆದು, ತಟ್ಟೆಯಂತೆ ತನ್ನ ಸುತ್ತ ತಿರುಗಿಸಿ, ನುಂಗುತ್ತ ಎಕ್ಸ್-ರೇ ಚೆಲ್ಲುತ್ತದೆ. ಅವುಗಳಲ್ಲೂ ಕಾಕಾ ಆರಿಸಿಕೊಂಡದ್ದು ಅತಿ ಮಂದವಾದವನ್ನು. ಝಗಝಗಿಸುವುದನ್ನು ಯಾರು ಬೇಕಾದರೂ ನೋಡುತ್ತಾರಂತೆ!

ಕೇಶ್ವಾಪುರದ ಅವರ ಮನೆಯಲ್ಲಿ ಊಟಕ್ಕೆ ಕೂತವರಿಗೆ ಇದರಿಂದ ಬಿಡುಗಡೆಯಿರಲಿಲ್ಲ. ಬೀಗರ ಮುಂದೆಯೂ ಶೇಂಗಾ ಚಟ್ನಿಯನ್ನು ಬೆರಳಿನಿಂದ ಸುತ್ತಿಸಿ ಸುತ್ತಿಸಿ ನಡುವಿನ ಬೆಣ್ಣೆಯತ್ತ ಒಯ್ದು ತೋರಿಸಿದರು. ಮುಂದಿನ ಸಲ ಬೀಗರು ಊಟ ಮುಗಿಸಿಕೊಂಡೇ ಬಂದರು.

"ಬಡಿಸಾಕಿ ಕೈ ಬಿಗಿ ಹಿಡಿದ್ರ ಉಣ್ಣಾವ ಹೆಂಗ ಬೆಳಗಬೇಕು?" ಒಂದಿನ ಹೆಂಡತಿಯ, ಅಂದರೆ ನಮ್ಮ ಕಾಕೂನ ಕಡೆ ನೋಡಿ ಕಾಕಾ ಆ ನಕ್ಷತ್ರ ಯಾಕೆ ಮಂದ ಎಂಬ ತಮ್ಮ ಸಿದ್ಧಾಂತ ಮಂಡಿಸಿದರು. ಏಳನೇ ಇಯತ್ತೆಗೆ ಸಾಲಿ ಬಿಟ್ಟಿದ್ದ ಕಾಕೂ ರೊಟ್ಟಿ ಹಾಕುತ್ತ ಅಂದರು: "ನನ್ನ ಮ್ಯಾಲ ಹಾಕಬ್ಯಾಡ್ರಿ. ಬಡಿಸಿದ್ದೆಲ್ಲಾ ತಾಟಿನ್ಯಾಗ ಸುತ್ತಾಕತ್ತೈತಿ. ಬಾಯಾಗ ಎಷ್ಟು ಹೋಗೈತಿ, ಅದನ್ನ ನೋಡ್ರಿ."

ಕಾಕಾ ಕೈ ತೊಳೆಯದೆ ಎದ್ದುಹೋದರು. ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಎಣ್ಣೆ ಕಲೆ ಬಿದ್ದದ್ದು ಹೀಗೆ.

ಪರೀಕ್ಷೆಯ ದಿನ ಕಾಕೂ ಉಂಡಿಯ ಡಬ್ಬಿ ಹಿಡಿದು ಧಾರವಾಡದ ಯುನಿವರ್ಸಿಟಿಗೆ ಬಂದರೂ ಪರೀಕ್ಷೆಯ ಕೋಣೆಯೊಳಗೆ ಬರಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು; ಅಲ್ಲಿಂದಲೇ ಕೇಳಿಸುತ್ತದಂತೆ. ಕರೆಂಟ್ ಇತ್ತು. ರೈಲು ವೇಳೆಗೆ ಬಂದಿತ್ತು. ಬೂಟು ಎರಡೂ ಕರಿಯವೇ. ಹೊರಗೆ ಯಾವುದೋ ಟೆಂಪೋ ಗುರುಗುಟ್ಟಿತು. ಪರೀಕ್ಷಕರಿಗೆ ತ್ರಾಸಾದೀತೆಂದು ಮೆಲ್ಲಗೆ ಎದ್ದು ಬಾಗಿಲು ಹಾಕಿದೆ.

ಪಕ್ಕದ ನಕ್ಷತ್ರ ಕೊಡುವುದೇ ಕಡಿಮೆ ಎಂದು ಎಲ್ಲರೂ ಅನ್ನುತ್ತಾರೆ; ಕೊಟ್ಟದ್ದು ತಟ್ಟೆಯಲ್ಲೇ ಉಳಿದಿರಬಹುದೆಂಬ ವಿಚಾರ ನಿಮಗೆ ಬಂದದ್ದು ಹೇಗೆ ಎಂದು ಪರೀಕ್ಷಕರು ಕೇಳಿದರು. ಪರದೆಯತ್ತ ಮುಖ ಮಾಡಿ ನಿಂತಿದ್ದ ಕಾಕಾ, ಯಾಕೋ ದನಿ ಏರಿಸಿದರು.

"ವಿಚಾರ ನಂದಲ್ರಿ, ನಮ್ಮ ಮನಿಯವರದು. ಅಕಿ ಕೊಟ್ಟದ್ದು ಎಂದೂ ಕಡಿಮಿ ಇರಲಿಲ್ಲ. ನಾನೇ ಸುತ್ತಲೂ ಇಟ್ಕೊಂಡು ಕೂತಿದ್ದೆ."

ಪಾಸಾದರು. ಹೊರಗೆ ಬಂದವರೇ ಕಾಕೂನ ಮುಖ ನೋಡಿ, "ಕೇಳಿಸ್ತೇನು?" ಅಂದರು.

"ಏನ್ರಿ? ಬಾಗಲಾ ಹಾಕಿತ್ತಲ್ಲ."

ಹೇಳಿದ್ದನ್ನೇ ನೂರು ಸಲ ಹೇಳುವ ಕಾಕಾ ಕಿವಿತನಕ ಕೆಂಪಾದರು. "ಏನಿಲ್ಲ. ಉಂಡಿ ಕೊಡು."

ಒಂದು ವಾರ ಚಿಂತಿಸಿದರೂ, ನನ್ನ ಯಾದಿಯಲ್ಲಿ ಬಾಗಿಲು ಇರಲಿಲ್ಲ.