ಹದಿನಾಲ್ಕು ಇಂಚಿನ ಆತ್ಮವಿಶ್ವಾಸ

ಇಪ್ಪತ್ತೆರಡು ವರ್ಷಗಳಿಂದ ನಾನು ಹೈಸ್ಕೂಲು ಮಕ್ಕಳಿಗೆ ವೃತ್ತದ ಪಾಠ ಮಾಡುತ್ತಿದ್ದೇನೆ. ತ್ರಿಜ್ಯ, ವ್ಯಾಸ, ಪರಿಧಿ ಎಲ್ಲವೂ ನಾಲಿಗೆಯ ತುದಿಯಲ್ಲಿವೆ. ಹೀಗಿರುವಾಗ ಒಂದು ಸಣ್ಣ ಕಾರಿಗೆ ರಿಮ್ ಆರಿಸುವುದು ನನ್ನಂಥವನಿಗೆ ಕಷ್ಟವಾದೀತು ಎಂದು ಯಾರಾದರೂ ಹೇಳಿದ್ದರೆ ಅವರನ್ನು ಹಿಂದಿನ ಬೆಂಚಿಗೆ ಕಳಿಸುತ್ತಿದ್ದೆ. ಚಕ್ರವೆಂದರೆ ವೃತ್ತ. ವೃತ್ತವೆಂದರೆ ನಾನು!

ಹರಪನಹಳ್ಳಿಯಲ್ಲಿ ನಮ್ಮ ಅತ್ತೆ ನೀಲವ್ವನವರಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿತ್ತು. ಅದು ಮುಗಿದ ಮೇಲೆ, ಗುರುವಾರ, ಅವರನ್ನು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಕರೆತಂದು ಹದಿನೈದು ದಿನ ಆರೈಕೆ ಮಾಡುವುದೆಂದು ನನ್ನ ಹೆಂಡತಿ ಗಿರಿಜಾ ತೀರ್ಮಾನಿಸಿದ್ದಳು. ಡಾಕ್ಟರು ಹೇಳಿದ್ದು ಒಂದೇ ಮಾತು. ಕಣ್ಣಿಗೆ ಕುಲುಕಾಟ ಆಗಬಾರದು.

ಗಿರಿಜಾಳ ತಮ್ಮ ಚನ್ನಬಸು ಹರಪನಹಳ್ಳಿಯಲ್ಲೇ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನ ಬಳಿ ಆನೆಯಂಥ ಒಂದು ಬಿಳಿ ಗಾಡಿಯಿದೆ. "ಅವ್ವನ್ನ ನಾನ ತಂದು ಬಿಡ್ತೀನಿ ಬಿಡ್ರಿ ಭಾವಾ. ನಿಮ್ಮ ಆ ಹಾರ್ಮೋನಿಯಂ ಪೆಟ್ಟಿಗ್ಯಾಗ ಬ್ಯಾಡ," ಎಂದು ಫೋನಿನಲ್ಲಿ ನಕ್ಕ. ಸ್ಪೀಕರ್ ಹಾಕಿದ್ದರಿಂದ ಮನೆಯವರೆಲ್ಲರೂ ಕೇಳಿಸಿಕೊಂಡರು. ನನಗೆ ರೋಷ ಉಕ್ಕಿತು. "ನನ್ನ ಕಾರಿನಾಗ, ನಾನ, ಹೂವಿನಂಗ ತರ್ತೀನಿ!" ಎಂದು ಘೋಷಿಸಿಬಿಟ್ಟೆ.

ಘೋಷಿಸಿದ ಮೇಲೆ ಕಾರು ನೆನಪಾಯಿತು.

ಕೊಟ್ಟೂರು ರಸ್ತೆಯ ಗುಂಡಿಗಳಲ್ಲಿ ಬಿದ್ದು ನನ್ನ ಕಾರಿನ ಎರಡು ರಿಮ್ಮುಗಳು ಸೊಟ್ಟಗಾಗಿದ್ದವು. ಸ್ಟೆಪ್ನಿಯಂತೂ ಅವುಗಳಿಗಿಂತ ಮೊದಲೇ ಬಲಿಯಾಗಿತ್ತು. ವೇಗ ನಲವತ್ತು ದಾಟಿದರೆ ಸ್ಟೇರಿಂಗು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಇದರಲ್ಲಿ ಅತ್ತೆಯನ್ನು ಕೂರಿಸಿದರೆ ಅವರ ಹೊಸ ಕಣ್ಣಿನ ಗತಿಯೇನು? ಅದಕ್ಕೇನಾದರೂ ಆದರೆ ನಾನು ಈ ಮನೆಯಲ್ಲಿ ಬದುಕುವುದು ಹೇಗೆ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದವನೇ ಶಾಲೆಯಿಂದ ತಂದಿದ್ದ ಮರದ ದೊಡ್ಡ ಕೈವಾರ, ಸ್ಕೇಲು ಹಿಡಿದು ಕಾರಿನ ಮುಂದೆ ಕೂತೆ. ರಿಮ್ಮಿನ ಈ ಅಂಚಿನಿಂದ ಆ ಅಂಚಿಗೆ ಮೂರು ಸಲ ಅಳೆದೆ. ಸರಾಸರಿ ತೆಗೆದೆ. ಸರಿಯಾಗಿ ಹದಿನಾಲ್ಕು ಇಂಚು! ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಬಗ್ಗಿ, "ಏನ್ ಮಾಡಾಕತ್ತೀರಿ ಸಾರ್?" ಎಂದರು. "ವ್ಯಾಸ ಅಳಿಯಾಕತ್ತೀನ್ರಿ," ಎಂದೆ. ಅವರು ಗೌರವದಿಂದ ತಲೆ ಹಿಂದಕ್ಕೆಳೆದುಕೊಂಡರು.

ಭಾನುವಾರ ನಾನು, ಗಿರಿಜಾ ಬಸ್ಸಿನಲ್ಲಿ ಕೊಟ್ಟೂರಿಗೆ ಹೋದೆವು. ಅಂಗಡಿಯವರು ಸಜ್ಜನರು. "ಕಾರು ಯಾವ್ದು ಅಂತ ಹೇಳ್ರಿ ಸಾರ್, ಸಾಕು. ನಾವ ಕೊಡ್ತೀವಿ," ಎಂದರು.

"ಅದೆಲ್ಲ ಬ್ಯಾಡ. ಸಣ್ಣ ಕಾರೈತಿ, ಅಳತಿ ತಂದೀನಿ. ಹದಿನಾಲ್ಕು."

"ಸಣ್ಣ ಕಾರಂತೀರಿ... ಖಾತ್ರಿ ಐತೇನ್ರಿ?"

"ನಾನು ಗಣಿತದ ಮಾಸ್ತರ," ಎಂದೆ. ಅವರು ಹದಿನಾಲ್ಕರ ರಿಮ್ಮುಗಳನ್ನು ತಂದು ಸಾಲಾಗಿ ಇಟ್ಟರು.

ಆಮೇಲೆ ವಿನ್ಯಾಸದ ಪ್ರಶ್ನೆ. ನನಗೆ ನಕ್ಷತ್ರದಾಕಾರದ್ದು ಇಷ್ಟವಾಯಿತು. ಗಿರಿಜಾ ಅದರ ಸಂದಿಗಳಲ್ಲಿ ಬೆರಳು ತೂರಿಸಿ ನೋಡಿ, "ಇದ್ರಾಗ ಕೆಸರು ಕುಂತರ ಯಾರು ತಿಕ್ಕೋರು? ಸಂದಿ ಕಡಿಮಿ ಇರೋದು ತೋರಸ್ರಿ," ಎಂದಳು. ಹೀಗೆ ಪಾತ್ರೆ ಆರಿಸುವ ಕ್ರಮದಲ್ಲೇ ನಾಲ್ಕು ರಿಮ್ಮುಗಳು ಆಯ್ಕೆಯಾದವು.

ನಮ್ಮ ಕಡೆ ಹೊಸ ಸಾಮಾನು ಪೂಜೆಯಾಗದೆ ಬಳಕೆಗೆ ಬರುವುದಿಲ್ಲ. ರಿಮ್ಮುಗಳನ್ನು ದೇವರ ಮನೆಯ ಮುಂದೆ ಮಣೆಯ ಮೇಲಿಟ್ಟು ಗಿರಿಜಾ ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದಳು. ಕುಂಕುಮ ಹಚ್ಚಿದಳು, ಅರಿಸಿನದ ದಾರ ಕಟ್ಟಿದಳು, ಊದಿನಕಡ್ಡಿ ಬೆಳಗಿದಳು. ನಾನು ಕೈಮುಗಿದೆ. ಬುಧವಾರ ಶಾಲೆಗೆ ರಜೆ ಹಾಕಿ, ಅವಳನ್ನೂ ರಿಮ್ಮುಗಳನ್ನೂ ಕಾರಿನಲ್ಲಿ ತುಂಬಿಕೊಂಡು ನಮ್ಮೂರಿನ ಟೈರು ಅಂಗಡಿಯ ಮಾಬುಸಾಬರ ಬಳಿ ಹೋದೆ.

ಮಾಬುಸಾಬರು ಬಾಯಲ್ಲಿ ಅಡಿಕೆ ಇಟ್ಟುಕೊಂಡು ಹೊಸ ರಿಮ್ಮನ್ನು ನೋಡಿದರು. ಬಗ್ಗಿ ನನ್ನ ಟೈರನ್ನು ನೋಡಿದರು. "ರಿಮ್ ಹದಿನಾಲ್ಕು, ಟೈರ್ ಹದಿಮೂರು. ಕುಂದ್ರಂಗಿಲ್ಲ ಸಾರ್," ಎಂದರು.

"ಏನಂದ್ರಿ? ನಾನು ಮೂರು ಸಲ ಅಳದೀನಿ!"

"ಹೊರಗಿನ ಅಂಚು ಅಳದೀರಿ. ಟೈರು ಕುಂದ್ರೋದು ಒಳಗ. ಲೆಕ್ಕಕ್ಕ ಹಿಡಿಯೋದು ಅದನ್ನ."

ಕೈವಾರವಿಲ್ಲ, ಸ್ಕೇಲಿಲ್ಲ, ಬರೀ ಬಗ್ಗಿ ನೋಡಿ ಹದಿಮೂರು ಎಂದುಬಿಟ್ಟರು! ಎಂಥ ಅನುಭವ! ಎಂಥ ಕಣ್ಣು! ಅವಮಾನದ ನಡುವೆಯೂ ನಾನು ಆ ಮನುಷ್ಯನ ಪ್ರತಿಭೆಗೆ ತಲೆಬಾಗಿದೆ.

ತಕ್ಷಣ ಕೊಟ್ಟೂರಿನ ಅಂಗಡಿಗೆ ಫೋನು ಮಾಡಿ, ರಿಮ್ಮು ವಾಪಸು ತಗೊಳ್ಳಿ ಎಂದು ಬೇಡಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಪೂಜಿ ಮಾಡೀರೇನ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ವಿಭೂತಿಯ ಮುಂದೆ ನಿಂತು ಸುಳ್ಳು ಬಾಯಿಗೆ ಬರಲಿಲ್ಲ. "ಮಾಡೀವ್ರಿ."

"ಹಂಗಾರ ಅದು ನಿಮ್ದ ಆತು ಸಾರ್. ಪೂಜಿ ಆದದ್ದನ್ನ ನೀವು ಹೊರಗ ಹಾಕಬಾರ್ದು, ನಾವು ಒಳಗ ತಗಾಬಾರ್ದು."

"ಖರೇ ಐತಿ ಬಿಡ್ರಿ ಅವರು ಹೇಳೋದು," ಎಂದು ಪಕ್ಕದಲ್ಲೇ ನಿಂತಿದ್ದ ಗಿರಿಜಾ ತೀರ್ಪು ಕೊಟ್ಟಳು. ಹೀಗಾಗಿ ರಿಮ್ಮುಗಳಿಗೆ ಹೊಂದುವ ನಾಲ್ಕು ಹೊಸ ಟೈರುಗಳೂ ನನ್ನ ಸಂಸಾರಕ್ಕೆ ಸೇರಿದವು. ಬೋಲ್ಟಿನ ತೂತುಗಳಾದರೂ ಹೊಂದಿದವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೂರು ಚಕ್ರ ಕೂತು ನಾಲ್ಕನೆಯದು, ಮುಂದಿನ ಎಡಗಡೆಯದು, ಬೋಲ್ಟಿಗೆ ಏರುವ ಹೊತ್ತಿಗೆ ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷ. ಬುಧವಾರ ಹನ್ನೆರಡಕ್ಕೆ ರಾಹುಕಾಲ! ಅಷ್ಟರೊಳಗೆ ಗಾಡಿ ಪೂಜೆಯಾಗಿ ಚಕ್ರಗಳು ನಿಂಬೆಹಣ್ಣಿನ ಮೇಲೆ ಹಾಯದಿದ್ದರೆ ಒಂದೂವರೆಯ ತನಕ ಬಿಸಿಲಲ್ಲಿ ಕಾಯಬೇಕು. ಮಾಬುಸಾಬರು ನಟ್ಟುಗಳನ್ನು ಅರ್ಧ ತಿರುವಿದ್ದರು. "ಗಾಡಿ ಕೆಳಗ ಇಳಿಸಿ ಪೂರ್ತಿ ಬಿಗೀಬೇಕು ಸಾರ್," ಎಂದು ಜಾಕು ಇಳಿಸಿದರು.

"ಬಿಗಿಯೋದು ಆಮ್ಯಾಲ! ಮೊದ್ಲು ಪೂಜಿ!" ಎಂದು ನಾನು ಅವರನ್ನು ಪಕ್ಕಕ್ಕೆ ಸರಿಸಿದೆ.

ನಟ್ಟುಗಳಿಗೆಲ್ಲ ಕುಂಕುಮ ಬಿತ್ತು. ತೆಂಗಿನಕಾಯಿ ಒಡೆಯಿತು. ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಕೂತವು. ಗಂಟೆ ಹನ್ನೆರಡಕ್ಕೆ ಎರಡು ನಿಮಿಷ! ಗಿರಿಜಾಳನ್ನು ಕೂರಿಸಿಕೊಂಡು ಗಾಡಿ ಹೊರಡಿಸಿದವನು ನಿಂಬೆಹಣ್ಣು ತುಳಿಸಿ ನೇರ ಮನೆಯ ಕಡೆಗೇ ಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಮಾಬುಸಾಬರು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದರು. ಎಂಥ ಸೌಜನ್ಯ! ನಾನೂ ಕಿಟಕಿಯಿಂದ ಕೈ ಹೊರಹಾಕಿ ಬೀಸಿದೆ.

ಗುರುವಾರ ಬೆಳಿಗ್ಗೆ ಅತ್ತೆಗಾಗಿ ಹಾಸಿಗೆ, ಮೂರು ದಿಂಬು, ಒಂದು ಕೌದಿ ಕಾರಿಗೆ ಏರಿದವು. ಡಿಕ್ಕಿಯಲ್ಲಿ ಜಾಗ ಸಾಲಲಿಲ್ಲ. ಅಲ್ಲಿದ್ದ ಸ್ಟೆಪ್ನಿ, ಜಾಕು, ನಟ್ಟು ಬಿಚ್ಚುವ ಪಾನಾ ಎಲ್ಲವನ್ನೂ ತೆಗೆದು ಮನೆಯಲ್ಲಿಟ್ಟೆ. ಹೊಸ ರಿಮ್ಮು, ಹೊಸ ಟೈರು ಇರುವಾಗ ಅವುಗಳ ಅಗತ್ಯವೇನು?

ಹೋಗುವಾಗ ಒಂದೇ ತೊಂದರೆ. ಟೈರು ಅಳತೆ ಮೀರಿದ್ದರಿಂದ ಪೂರ್ತಿ ತಿರುಗಿಸಿದಾಗಲೆಲ್ಲ ಎಲ್ಲೋ ತಾಗಿ 'ಕರ್ರ್' ಎನ್ನುತ್ತಿತ್ತು. ನಿಧಾನವಾಗಿ ಹೋಗಿ ಹರಪನಹಳ್ಳಿ ತಲುಪಿದೆವು. ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ ಹಾಕಿದ ಅತ್ತೆಯನ್ನು ಮುಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿದೆವು. ಗಿರಿಜಾ ಹಿಂದೆ ಕೂತಳು. ಚನ್ನಬಸು ಟೈರುಗಳನ್ನು ನೋಡಿ, ನಗದೆ, "ಹುಷಾರಾಗಿ ಹೋಗ್ರಿ ಭಾವಾ," ಎಂದ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ವಾಪಸು ಬರುವಾಗ ನನ್ನ ವೇಗ ಇಪ್ಪತ್ತೈದು. ಹುಲ್ಲು ಹೇರಿದ ಟ್ರ್ಯಾಕ್ಟರು ನಮ್ಮನ್ನು ದಾಟಿತು. ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನವನು ದಾಟಿ, ತಿರುಗಿ ನೋಡಿ, ಕನಿಕರದಿಂದ ತಲೆಯಾಡಿಸಿದ. ಗುಂಡಿ ಕಂಡರೆ ಇನ್ನೂ ನಿಧಾನ ಮಾಡುತ್ತಿದ್ದೆ. ಅದೂ ಸಾಲದೆಂಬಂತೆ ಬಹಳ ಹಿಂದೆ ಯಾವುದೋ ಬಿಳಿ ಗಾಡಿ ನಮ್ಮಷ್ಟೇ ನಿಧಾನವಾಗಿ ಬರುತ್ತಿತ್ತು. ದಾಟಿ ಹೋಗಬಾರದೇ? ಯಾರಿವನು, ಕಳ್ಳನೇ?

ಕೊಟ್ಟೂರು ಇನ್ನೂ ದೂರವಿರುವಾಗ ಹೊಸ ಸದ್ದು ಶುರುವಾಯಿತು. ಟಕ್. ಟಕ್. ಟಕ್.

"ಮಾಸ್ತರ್ರ," ಎಂದರು ಅತ್ತೆ. ಅವರು ನನ್ನನ್ನು ಕರೆಯುವುದೇ ಹಾಗೆ. "ಗಾಲಿ ಕೀಲ ಸಡ್ಲಾಗೇತಿ. ನಿಲ್ಲಸ್ರಿ."

"ಇಲ್ರಿ ಅತ್ತಿ. ಟೈರಿನ ಪರಿಧಿ ಸ್ವಲ್ಪ ಹೆಚ್ಚಾಗಿ ಒಳಗ ತಾಗಾಕತ್ತೈತಿ. ಅಷ್ಟ."

"ಪರಿಧಿ ಗಿರಿಧಿ ನಂಗೊತ್ತಿಲ್ಲ. ನಮ್ಮಪ್ಪನ ಬಂಡ್ಯಾಗ ಕುಂತು ಬೆಳದಾಕಿ ನಾನು. ಈ ಸಪ್ಪಳ ನಂಗೊತ್ತೈತಿ. ನಿಲ್ಲಸ್ರಿ ಅಂದೆ!"

ನಿಲ್ಲಿಸಿದೆ. ಇಳಿದು ಹೋಗಿ ಎಡಗಡೆಯ ಮುಂದಿನ ಚಕ್ರದ ಮುಂದೆ ಕೂತೆ. ನಾಲ್ಕು ನಟ್ಟುಗಳಲ್ಲಿ ಒಂದು ಇರಲೇ ಇಲ್ಲ. ಎರಡು ಬೆರಳಿನಿಂದಲೇ ತಿರುಗುತ್ತಿದ್ದವು. ಉಳಿದ ಒಂದು, ಸುಮ್ಮನೆ ಮುಟ್ಟಿದ್ದಕ್ಕೇ, ಕುಂಕುಮದ ಸಮೇತ ನನ್ನ ಅಂಗೈಗೆ ಬಂದು ಕೂತಿತು.

ಆಗ ಮಾಬುಸಾಬರ ಎತ್ತಿದ ಕೈಗಳು ನೆನಪಾದವು. ಅಯ್ಯೋ, ಅದು ಸೌಜನ್ಯವಾಗಿರಲಿಲ್ಲ!

ಇಲ್ಲಿ ತಮಾಷೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಆ ಚಕ್ರದ ನೇರಕ್ಕೇ ಅತ್ತೆ ಕೂತಿದ್ದರು. ಹಿಂದೆ ಗಿರಿಜಾ. ನಾನು ಸ್ವಲ್ಪ ಜೋರಾಗಿ ಓಡಿಸುವ ಧೈರ್ಯದ ಮನುಷ್ಯನಾಗಿದ್ದರೆ ಏನಾಗುತ್ತಿತ್ತೋ. ಆ ದಿನ ನಮ್ಮನ್ನು ಉಳಿಸಿದ್ದು ನನ್ನ ಹೇಡಿತನ.

"ಪಾನಾ ತಗೀರಿ, ಬಿಗೀರಿ," ಎಂದಳು ಗಿರಿಜಾ.

"ಪಾನಾ ಮನ್ಯಾಗೈತಿ."

"ಮನ್ಯಾಗ ಯಾಕೈತಿ?"

"ದಿಂಬಿಗೆ ಜಾಗ ಬೇಕಿತ್ತಲ್ಲ."

ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನ್ನ ಕನ್ನಡ ಸಾಲದು. ಅಷ್ಟರಲ್ಲಿ ಆ ಬಿಳಿ ಗಾಡಿ ಬಂದು ನಮ್ಮ ಹಿಂದೆಯೇ ನಿಂತಿತು. ಬಾಗಿಲು ತೆರೆಯಿತು. ಪಾನಾಗಳ ಪೆಟ್ಟಿಗೆ ಹಿಡಿದುಕೊಂಡು ಚನ್ನಬಸು ಇಳಿದ.

"ನೀನು ಹೆಂಗ ಬಂದಿ?" ಎಂದೆ.

"ಅಕ್ಕ ನಿನ್ನೇನ ಫೋನ್ ಮಾಡಿದ್ಳು ಭಾವಾ. ದೂರದಾಗ ಹಿಂದಿಂದ ಬಾ, ಅವರಿಗೆ ಗೊತ್ತಾಗಬಾರ್ದು, ಬೇಜಾರ್ ಮಾಡ್ಕಂತಾರ ಅಂದ್ಳು. ಒಂದ ಕಷ್ಟ ಆತು ನೋಡ್ರಿ, ನನ್ನ ಗಾಡಿಗೆ ಇಷ್ಟು ನಿಧಾನ ಹೋಗಿ ರೂಢಿಯಿಲ್ಲ."

ಗಿರಿಜಾ ದೂರದ ಹೊಲವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಚನ್ನಬಸು ಚಕ್ರ ಬಿಗಿದ. ಇನ್ನೊಂದು ಚಕ್ರದಿಂದ ಒಂದು ನಟ್ಟು ಸಾಲ ತೆಗೆದು ಇದಕ್ಕೆ ಹಾಕಿದ. ಅತ್ತೆ, ಹಾಸಿಗೆ, ಮೂರು ದಿಂಬು, ಕೌದಿ, ಗಿರಿಜಾ ಎಲ್ಲವೂ ಬಿಳಿ ಗಾಡಿಗೆ ವರ್ಗವಾದವು. ಅದು ಹೂವಿನಂತೆ ಹೊರಟುಹೋಯಿತು. ಅದರ ಧೂಳಿನಲ್ಲಿ ನಾನೊಬ್ಬನೇ, ಹೊಳೆಯುವ ರಿಮ್ಮುಗಳ ಮೇಲೆ, ಕರ್ರ್ ಎನ್ನುತ್ತಾ ಮನೆ ಮುಟ್ಟಿದೆ.

ಎಂಟು ದಿನಗಳ ನಂತರ ಅತ್ತೆಯ ಪಟ್ಟಿ, ಕನ್ನಡಕ ಎರಡೂ ಹೋದವು. ಕಣ್ಣು ಹೇಗಿದೆ, ಏನೇನು ಕಾಣುತ್ತದೆ ಎಂದು ಎಲ್ಲರಿಗೂ ಆತಂಕ. ಅತ್ತೆ ಅಂಗಳಕ್ಕೆ ಬಂದು ನಿಂತರು. ಮಾಬುಸಾಬರು ಆಮೇಲೆ ಕಳಿಸಿಕೊಟ್ಟಿದ್ದ ನನ್ನ ಹಳೆಯ ಟೈರೊಂದರಲ್ಲಿ ಗಿರಿಜಾ ಅಷ್ಟರಲ್ಲಾಗಲೇ ಮಣ್ಣು ತುಂಬಿ ಪುದಿನಾ ನೆಟ್ಟಿದ್ದಳು. ಅತ್ತೆ ಅದರ ಮೇಲೆ ಬಗ್ಗಿ, ಬೆರಳು ಸರಿಸುತ್ತಾ, ಮೂರನೇ ತರಗತಿ ಓದಿದವರ ನಿಧಾನದಲ್ಲಿ ಓದತೊಡಗಿದರು.

"ಒಂದು... ನಾಕು... ಐದು. ಗೆರಿ. ಎಂಟು, ಸೊನ್ನಿ. ಒಂದು ಇಂಗ್ಲಿಷ್ ಅಕ್ಷರ. ಆಮ್ಯಾಲ ಒಂದು, ಮೂರು... ಹದಿಮೂರು. ಮಾಸ್ತರ್ರ, ಇದೇನ್ರಿ ಹದಿಮೂರು ಅಂತ ಬರದಾರ?"

ನಾನು ಹತ್ತಿರ ಹೋಗಿ ನೋಡಿದೆ. ಹೌದು. ದಪ್ಪಕ್ಷರದಲ್ಲಿ, ಉಬ್ಬಿಸಿ, ಟೈರಿನ ಮೈಮೇಲೆಯೇ ಬರೆದಿದ್ದರು. ಮಾಬುಸಾಬರು ಅಂದು ಬಗ್ಗಿ ನೋಡಿದ್ದು ಇದನ್ನೇ. ನಾನು ಕೈವಾರ ಹಿಡಿದು ಅಳೆದ ಜಾಗದಿಂದ ಅದು ಗೇಣು ದೂರವೂ ಇರಲಿಲ್ಲ. ಪರೀಕ್ಷೆಯಲ್ಲಿ ಮೊದಲು ಪ್ರಶ್ನೆಯನ್ನು ಓದಿ, ಆಮೇಲೆ ಪೆನ್ನು ಹಿಡಿಯಿರಿ ಎಂದು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದವನು ನಾನೇ.

"ಅವ್ವಗ ಚಲೋ ಕಾಣಾಕತ್ತೈತಿ ಬಿಡು!" ಎಂದು ಗಿರಿಜಾ ಸಂತೋಷದಿಂದ ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಕಣ್ಣಿನ ಡಾಕ್ಟರ್ ಸೋಮವಾರ ಸಿಗ್ತಾರಂತ. ನಿಮ್ಮನ್ನ ಚನ್ನಬಸೂನ ಗಾಡ್ಯಾಗ ಕರ್ಕಂಡು ಹೋಗಾಕ ಹೇಳ್ಲೇನು?"