ಕತ್ತಿನ ಕೊಳವೆ ತೊಳೆದ ಕಥೆ

ನನ್ನ ಹಳೆಯ ಡೈರಿಯಲ್ಲಿ ಜೂನ್ ಹನ್ನೊಂದರ ಪುಟ ಹೀಗಿದೆ: ‘ಇವರನ್ನು ಚನ್ನಗಿರಿಗೆ ಕರೆತಂದೆವು. ಕತ್ತಿನಲ್ಲಿ ಕೊಳವೆ.’ ಕಾಯಿಲೆಯ ಮನೆಯಲ್ಲಿ ನಗುವ ಪ್ರಸಂಗಗಳು ಕಡಿಮೆ ಎಂದು ಯಾರು ಹೇಳಿದರೋ ತಿಳಿಯದು. ನಮ್ಮಲ್ಲಿ ಮಾತ್ರ ನಡೆಯುತ್ತಲೇ ಇದ್ದವು.

ನನ್ನ ಯಜಮಾನರಿಗೆ ಗಂಟಲಿನ ಆಪರೇಷನ್ ಆಗಿ, ಉಸಿರಾಡಲು ಕತ್ತಿನಲ್ಲಿ ಬೆಳ್ಳಿಯ ಜೋಡಿ ಕೊಳವೆ ಹಾಕಿದ್ದರು. ಹೊರಗಿನದು ಕತ್ತಿನಲ್ಲೇ ಇರಬೇಕು. ಒಳಗಿನದನ್ನು ತೆಗೆದು ಸೋಪುನೀರಿನಲ್ಲಿ ಬ್ರಶ್ಶಿನಿಂದ ಉಜ್ಜಿ, ಕುದಿಸಿ, ಆರಿಸಿ ಮತ್ತೆ ಹಾಕಬೇಕು. ‘ಸೋಂಕು ತಗುಲದಿದ್ದರೆ ಮುಂದಿನ ಸಲ ಕೊಳವೆ ತೆಗೆಯೋಣ’ ಎಂದಿದ್ದರು ಡಾಕ್ಟರು. ಕೊಳವೆಯ ಬಾಯಿಗೆ ಬೆರಳೊತ್ತಿದರೆ ಮಾತ್ರ ಮಾತು ಬರುತ್ತಿದ್ದ ಇವರು ಆ ದಿನಕ್ಕೇ ಕಾದಿದ್ದರು. ಬಿ.ಎಸ್ಸಿ. ಓದಿದವಳು ನಾನು, ತೊಳೆಯುವ ಕೆಲಸ ಬೇರೆಯವರಿಗೆ ಬಿಡಲಿಲ್ಲ.

ಕಾಫಿಯ ಹೊತ್ತು

ಪಕ್ಕದ ಮನೆಯಾಕೆ ಬಂದರು. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

“ಕಾಫಿಗೆ ಇಟ್ಟೀರೇನ್ರಿ? ನಿಧಾನಕ್ಕೆ ಆಗ್ಲಿ, ನಂಗೇನ್ ಅವಸರ ಐತೆ?” ಎಂದು ಕೂತರು.

ಇಕ್ಕಳದಿಂದ ಕೊಳವೆಯನ್ನು ಎತ್ತಿ ತಟ್ಟೆಗಿಟ್ಟೆ. ಆಕೆ ತಟ್ಟೆ ನೋಡಿದರು, ಇವರ ಕತ್ತು ನೋಡಿದರು, ಎದ್ದುನಿಂತರು.

“ಕಾಫಿ ಬಿಟ್ಟು ಭಾಳ ದಿನ ಆತು ಕಣ್ರೀ.”

ನ್ಯಾಮತಿಯ ಸಲಹೆ

ನ್ಯಾಮತಿಯಲ್ಲಿ ಬೈಕ್ ಗ್ಯಾರೇಜ್ ಇಟ್ಟಿರುವ ನನ್ನ ತಮ್ಮ ನಾನು ಉಜ್ಜುವುದನ್ನು ನೋಡಿ ತಾಳಲಾರದೆ ಹೇಳಿದ: “ಅಕ್ಕ, ಇದೇನ್ ಉಜ್ಜಾಟ? ಪೆಟ್ರೋಲ್‌ನಾಗೆ ಅದ್ದಿ ಗಾಳಿ ಹೊಡೆದ್ರೆ ಫಳಫಳ. ದಿನಾ ಕಾರ್ಬೊರೇಟರ್ ಹಿಂಗೇ ಮಾಡ್ತೀನಿ.”

“ನಿಮ್ಮ ಭಾವ ಬೈಕಲ್ಲಪ್ಪ” ಎಂದೆ.

ಇವರು ಬೆರಳೊತ್ತಿದರು. “ಮೈಲೇಜ್ ಎಷ್ಟು ಬರ್ತೈತೆ, ಅದನ್ನ ಮೊದ್ಲು ಕೇಳು.”

ಶುಕ್ರವಾರ

ತಪಾಸಣೆಗೆ ಮೂರು ದಿನ ಉಳಿದಿತ್ತು. ಜಗಳೂರಿನಿಂದ ನನ್ನ ನಾದಿನಿ ಸಹಾಯಕ್ಕೆ ಬಂದಿದ್ದಳು. ಕೊಳವೆಯನ್ನು ಕುದಿಸಿ ಆರಲು ಇಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ತಟ್ಟೆ ಖಾಲಿ. ಇವರು ಕೆಮ್ಮುತ್ತಾ ದೇವರ ಕೋಣೆ ತೋರಿಸಿದರು.

ಕೊಳವೆ ದೀಪಗಳ ನಡುವೆ ನಿಂತಿತ್ತು. ಅರಿಶಿನ, ಕುಂಕುಮ, ಮೇಲೊಂದು ಮಲ್ಲಿಗೆ.

“ಬೆಳ್ಳಿ ಅಲ್ವೇನ್ರಿ ಅತ್ತಿಗೆ? ಶುಕ್ರವಾರ ಬೆಳ್ಳಿ ತೊಳೀದೆ ಬಿಡಾಕೆ ಆಗ್ತೈತಾ? ಎಲ್ಲದ್ರ ಜೊತಿಗೇ ತೊಳೆದೆ.”

ನಾನು ಕೈಚಾಚಿದೆ. ಅವಳು ಅಡ್ಡ ಬಂದಳು. “ಆರತಿ ಆಗೋತಂಕ ಕದಲಿಸ್ಬಾರ್ದು!”

ಇವರು ಬಾಗಿಲಿಗೆ ಬಂದು ಬೆರಳೊತ್ತಿದರು. “ತಂಗೀ, ದೇವ್ರು ಮೂಗಿನಾಗೆ ಉಸಿರಾಡ್ತಾನೆ. ಅದನ್ನ ನಂಗೆ ಕೊಡು.”

ಮತ್ತೆ ಉಜ್ಜಿದೆ. ಒಳಗಿಂದ ಎರಡು ಕಾಳು ಅಕ್ಷತೆ ಬಂತು. ಮತ್ತೆ ಕುದಿಸಿದೆ.

ಸೋಮವಾರ ಡಾಕ್ಟರು ಕತ್ತು ನೋಡಿದರು, ಸೋಂಕಿಲ್ಲ. ಕೊಳವೆಯನ್ನು ಬೆಳಕಿಗೆ ಹಿಡಿದು ಬೆರಗಾದರು. “ಅಮ್ಮ, ಇಷ್ಟು ಹೊಳೆಯೋ ಟ್ಯೂಬ್ ನಾನು ಕಂಡಿಲ್ಲ. ಇವತ್ತೇ ತೆಗೆದುಬಿಡೋಣ. ಅಂದಹಾಗೆ, ಏನು ಹಾಕಿ ತೊಳೀತೀರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ, ಜೊತೆಗೆ ಬಂದಿದ್ದ ನಾದಿನಿ ಹೆಮ್ಮೆಯಿಂದ ಹೇಳಿದಳು: “ಹುಣಸೆಹಣ್ಣು, ಸಾರ್. ಆಮೇಲೆ ವಿಭೂತಿ.”

ಡಾಕ್ಟರು ಕೊಳವೆಯನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಬಂದರು. “ಇನ್ನೊಂದು ವಾರ ನೋಡೋಣ” ಎಂದರು. ಇವರು ತಂಗಿಯ ಕಡೆ ನೋಡಿ ಬೆರಳೆತ್ತಿದರು. ಕತ್ತಿನವರೆಗೆ ಒಯ್ದು, ಹಾಗೇ ಇಳಿಸಿದರು.

ಮುಂದಿನ ಸೋಮವಾರ ಕೊಳವೆ ಹೊರಬಂತು. ಹುಣಸೆಹಣ್ಣಿನ ತೊಳೆತಕ್ಕೆ ಒಟ್ಟು ತಗುಲಿದ್ದು ಇಷ್ಟು: ಒಂದು ಹೊಸ ಬ್ರಶ್ಶು, ಒಂದು ವಾರ ಹೆಚ್ಚಿನ ಕೊಳವೆ, ಮತ್ತು ಆ ವಾರವೆಲ್ಲ ಇವರು ಕೂಡಿಟ್ಟುಕೊಂಡು ತಂಗಿಗೆ ಒಂದೇ ಉಸಿರಿಗೆ ಬೈದ ಬೈಗುಳ.