ಬೆಳ್ಳಯ್ಯನ ನಂಬರು

ಕೆಲವರು ಕತ್ತಲೆಗೆ ಹೆದರುತ್ತಾರೆ, ಕೆಲವರು ಹಲ್ಲಿಗೆ, ನನ್ನ ಷಡ್ಡಕನೊಬ್ಬ ಊಟದ ಹೊತ್ತಿಗೆ ಬರುವ ನೆಂಟರಿಗೆ. ನಾನು ಹೆದರುವುದು ‘ಪೀಂಕ್’ ಎಂಬ ಸದ್ದಿಗೆ. ಪಕ್ಕದಲ್ಲಿ ಕೂತವರ ಮೊಬೈಲು ಪೀಂಕ್ ಅಂದರೆ ಸಾಕು, ನನ್ನ ಬೆನ್ನಿನ ಮೇಲೆ ಯಾರೋ ತಣ್ಣನೆಯ ಬೆರಳು ಎಳೆದಂತಾಗುತ್ತದೆ. “ಹುಲಿ ಗರ್ಜಿಸಿದರೆ ಹೆದರುವ ಗಂಡಸರನ್ನು ನೋಡಿದ್ದೆ, ಮೊಬೈಲು ಕಿರುಚಿದರೆ ಹೆದರುವವರನ್ನು ಮದುವೆಯಾದ ಮೇಲೇ ನೋಡಿದ್ದು” ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಅವಳು ಹುಲಿಯ ಮುಂದೆ ನಿಂತ ಗಂಡಸರನ್ನು ಎಲ್ಲಿ ನೋಡಿದಳೋ ನಾನು ಕೇಳಲು ಹೋಗಿಲ್ಲ. ಆದರೆ ಆ ದಿನ ಮಧ್ಯಾಹ್ನ ದೇವಸಮುದ್ರದ ಕಡೆಯ ಬಯಲಿನಲ್ಲಿ ಅವಳೂ ನನ್ನ ಜೊತೆ ಇದ್ದಿದ್ದರೆ ಈ ಮಾತು ಆಡುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾಡತಳಿಯ ದನಗಳನ್ನು ಉಳಿಸುವ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಇಡೀ ದಿನ ಕಡಲೆಕಾಯಿ ಹಿಂಡಿಯ ವಾಸನೆ ಕುಡಿದು ಸಂಜೆ ಮನೆಗೆ ಹೋದರೆ ಬೀದಿಯ ಎಮ್ಮೆಗಳು ನನ್ನನ್ನು ಅಕ್ಕರೆಯಿಂದ ಮೂಸುತ್ತಿದ್ದವು. ನನ್ನ ಕೆಲಸ ದನ ಕಾಯುವುದಲ್ಲ, ದನಗಳ ಮೈಗೆ ಹಾಕುವ ರೇಡಿಯೋ ಚಿಪ್ಪಿನ ಅಂತಾರಾಷ್ಟ್ರೀಯ ಮಾನದಂಡವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು. ‘ಪ್ರತಿಸ್ಪಂದಕ’, ‘ಆವರ್ತನಾಂಕ’, ‘ಉದ್ದೀಪಕ ಕ್ಷೇತ್ರ’ ಎಂದೆಲ್ಲ ಬರೆದು ನಾನೇ ಓದಿ ನಾನೇ ಬೆರಗಾಗುತ್ತಿದ್ದೆ. ಜನ ಮಾತ್ರ ಒಂದೇ ದಿನದಲ್ಲಿ ಆ ಚಿಪ್ಪಿಗೆ ‘ಅಕ್ಕಿಕಾಳು’ ಎಂದೂ ಓದುವ ಯಂತ್ರಕ್ಕೆ ‘ಕೂಗೋ ಡಬ್ಬಿ’ ಎಂದೂ ಹೆಸರಿಟ್ಟು ನನ್ನ ಶ್ರಮವನ್ನೆಲ್ಲ ಮೂಲೆಗೆ ಹಾಕಿದರು.

ಅಕ್ಕಿಕಾಳು ಎಂದದ್ದು ತಪ್ಪೇನಲ್ಲ. ಗಾಜಿನ ಆ ಚಿಪ್ಪು ಅಷ್ಟೇ ಗಾತ್ರ. ದಪ್ಪ ಸೂಜಿಯಿಂದ ಎಡಗಿವಿಯ ಬುಡದಲ್ಲಿ ಚರ್ಮದೊಳಕ್ಕೆ ಇಳಿಸಿಬಿಟ್ಟರೆ ಆಯಿತು. ಅದಕ್ಕೆ ಬ್ಯಾಟರಿ ಇಲ್ಲ, ಜೀವ ಇಲ್ಲ. ತಾನಾಗಿ ಅದು ಮಾತಾಡುವುದಿಲ್ಲ. ಡಬ್ಬಿಯನ್ನು ಹತ್ತಿರ ಹಿಡಿದು ಗುಂಡಿ ಒತ್ತಿದರೆ ಡಬ್ಬಿಯ ರೇಡಿಯೋ ಅಲೆಯಿಂದಲೇ ಒಂದಿಷ್ಟು ಶಕ್ತಿಯನ್ನು ಸಾಲ ಪಡೆದು, ಎಚ್ಚರಗೊಂಡು, ತನ್ನ ಹದಿನೈದು ಅಂಕಿಯ ನಂಬರನ್ನು ಹೇಳಿ ಮತ್ತೆ ಸತ್ತಂತೆ ಮಲಗುತ್ತದೆ. ಡಬ್ಬಿ ಪೀಂಕ್ ಎಂದು ಕೂಗಿ ಆ ನಂಬರನ್ನು ಪರದೆಯ ಮೇಲೆ ತೋರಿಸುತ್ತದೆ. ಡಬ್ಬಿಯ ಶಕ್ತಿಗೂ ಸರ್ಕಾರದ ವೈರ್‌ಲೆಸ್ ನಿಯಮಗಳು ಮಿತಿ ಹಾಕಿದ್ದವು. ಹಾಗಾಗಿ ಒಂದು ಗೇಣಿಗಿಂತ ದೂರ ಹಿಡಿದರೆ ಏನೂ ಕೇಳಿಸದು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ನಾನು ಕನ್ನಡಕ್ಕೆ ತಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದು: ಒಂದು ನಂಬರು ಒಂದೇ ಜೀವಕ್ಕೆ, ಪ್ರಪಂಚದಲ್ಲಿ ಎಲ್ಲೂ ಅದು ಎರಡನೆಯ ಪ್ರಾಣಿಗೆ ಬರಬಾರದು. ನಮ್ಮ ಕಡೆ ನಿಯಮಗಳೇನೂ ಹೊಸದಲ್ಲ. ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯ ಮೇಲೆ ಅಶೋಕನ ಕಾಲದಲ್ಲೇ ಕೆತ್ತಿಟ್ಟಿದ್ದಾರೆ. ಎಷ್ಟೋ ಕಾಲ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ, ಕುರಿಗಳು ಅದರ ಪಕ್ಕದಲ್ಲೇ ಮೇಯುತ್ತ ಬದುಕಿದವು. ನನ್ನ ಅನುವಾದಕ್ಕೂ ಅದೇ ಗತಿ ಎಂದು ನಾನು ನೆಮ್ಮದಿಯಾಗಿದ್ದೆ.

ದೇವಸಮುದ್ರದ ಆಚೆ ಒಂದು ಬಯಲಿನಲ್ಲಿ ದೇವರ ಎತ್ತುಗಳ ರೊಪ್ಪ, ಎಂದರೆ ಬೇಲಿ ಕಟ್ಟಿದ ದೊಡ್ಡಿ, ಇತ್ತು. ದೇವರಿಗೆ ಬಿಟ್ಟ ಎತ್ತುಗಳು ಅವು. ಅವುಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಪೂಜೆ ಮಾಡಿ ಮಣ್ಣು ಮಾಡಬೇಕು. ಅವುಗಳನ್ನು ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಅಲ್ಲಿಯ ಕಿಲಾರಿ ಪಾಲಯ್ಯ, ಒಣಗಿದ ಜಾಲಿ ಕೊಂಬೆಯಂಥ ಮುದುಕ. ಮನೆಯಲ್ಲಿ ತೆಲುಗು, ನಮ್ಮೊಡನೆ ಕನ್ನಡ, ಎತ್ತುಗಳೊಡನೆ ಎರಡೂ. ನಮ್ಮ ಸಂಸ್ಥೆಯ ದನದ ಡಾಕ್ಟರು ಸೂಜಿ ತೆಗೆದಾಗ ಪಾಲಯ್ಯ ತಕರಾರು ತೆಗೆದ.

“ಹೆಸರೈತಲ್ಲ ಸ್ವಾಮಿ, ನಂಬರು ಯಾಕೆ?”

“ಕಳೆದುಹೋದರೆ ಗುರುತು ಸಿಗಬೇಕಲ್ಲ, ಪಾಲಯ್ಯ?” ಎಂದೆ.

“ಕಳಕೊಂಡ್ರೆ ನಾನು ಕರೀತೀನಿ, ಅವು ಬರ್ತವೆ. ಇದು ಕರೆದ್ರೆ ಬರ್ತತಾ?”

“ಬರುವುದಿಲ್ಲ, ಓಗೊಡುತ್ತದೆ ಅಷ್ಟೆ.”

“ಹಂಗಾದ್ರೆ ಬರೀ ಬಾಯಿ” ಎಂದು ಪಾಲಯ್ಯ ನಕ್ಕ. ಕೊನೆಗೆ ಊರ ಹಿರಿಯ ಓಬಯ್ಯನವರು ಒಪ್ಪಿಸಿದ ಮೇಲೆ ಎತ್ತುಗಳಿಗೆಲ್ಲ ಕಾಳು ಹಾಕಿದೆವು. ರೊಪ್ಪದ ಯಜಮಾನನಂತಿದ್ದ ಬಿಳಿ ಎತ್ತು ಬೆಳ್ಳಯ್ಯ. ಅವನು ಮಾತ್ರ ಸೂಜಿ ಚುಚ್ಚಿದಾಗ ಕದಲಲಿಲ್ಲ, ಕತ್ತು ತಿರುಗಿಸಿ ನನ್ನನ್ನು ನೋಡಿದ. ನಂಬರಿನ ಕೊನೆ ಹದಿನೇಳು. ಮುಂದಿನ ಬೇಸಿಗೆಯಲ್ಲಿ ಬೆಳ್ಳಯ್ಯ ವಯಸ್ಸಾಗಿ ತೀರಿಕೊಂಡ. ಹಲಗೆ ಬಡಿದು, ಅರಿಶಿಣ ಹಚ್ಚಿ, ಬಯಲಿನ ಬನ್ನಿಗಿಡದ ಬುಡದಲ್ಲಿ ಮಣ್ಣು ಮಾಡಿದರಂತೆ. ನಾನು ಹೋಗಿರಲಿಲ್ಲ. ಆಫೀಸಿನಲ್ಲಿ ಕೂತೇ ಆ ನಂಬರನ್ನು ರದ್ದು ಮಾಡಿದೆ.

ಅದಾದ ಕೆಲವು ವಾರಕ್ಕೆ ಚಳ್ಳಕೆರೆ ದನದ ಸಂತೆಯಲ್ಲಿ ನನ್ನ ಪ್ರಾತ್ಯಕ್ಷಿಕೆ. ವ್ಯಾಪಾರಿಗಳಿಗೆಲ್ಲ ಡಬ್ಬಿ ತೋರಿಸಿ ವಿವರಿಸುವುದು. ಮೊದಲಿಗೆ ಕಾಳು ಹಾಕಿದ ನಮ್ಮ ಹಸುವೊಂದನ್ನು ಕೂಗಿಸಿದೆ, ಜನ ಮೆಚ್ಚಿದರು. ಆಮೇಲೆ ಪಕ್ಕದಲ್ಲಿ ಕಟ್ಟಿದ್ದ ಒಂದು ಬಿಳಿ ಎತ್ತಿನ ಹತ್ತಿರ ಹೋದೆ. ಅದು ಬಾಷಾ ಸಾಬರದು. ಅವರು ವ್ಯಾಪಾರದಲ್ಲಿ ನೇರ ಮನುಷ್ಯ, ಆ ಎತ್ತನ್ನು ಆಂಧ್ರದ ಕಡೆಯಿಂದ ಕೊಂಡು ತಂದಿದ್ದರು. “ಈಗ ನೋಡಿ, ಇದಕ್ಕೆ ಕಾಳು ಹಾಕಿಲ್ಲ. ಆದ್ದರಿಂದ ಇದು ಸುಮ್ಮನಿರುತ್ತದೆ” ಎಂದು ಮೇಷ್ಟರ ದನಿಯಲ್ಲಿ ಹೇಳಿ ಅದರ ಕಿವಿಯ ಬುಡಕ್ಕೆ ಡಬ್ಬಿ ಹಿಡಿದೆ.

ಪೀಂಕ್.

ಜನ ನಕ್ಕರು. ನಾನೂ ನಕ್ಕೆ, ಪರದೆ ನೋಡುವ ತನಕ. ಉದ್ದನೆಯ ಆ ನಂಬರಿನ ಕೊನೆ ಹದಿನೇಳು. ಹಿಂದಿನದೇನೋ ಉಳಿದುಕೊಂಡಿರಬೇಕೆಂದು ಡಬ್ಬಿ ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಪೀಂಕ್, ಮತ್ತೆ ಅದೇ ನಂಬರು. ಬೆವರು ಇಳಿದು ಕನ್ನಡಕ ಜಾರಿತು. ನಮ್ಮ ಡಾಕ್ಟರು ಎತ್ತಿನ ಕಿವಿಯ ಬುಡವನ್ನು ಒತ್ತಿ ಒತ್ತಿ ನೋಡಿ, “ಏನೋ ಇದ್ದಂಗೈತೆ, ಏನೂ ಇಲ್ಲದಂಗೂ ಐತೆ” ಎಂದು ವೈದ್ಯಕೀಯ ಅಭಿಪ್ರಾಯ ಕೊಟ್ಟರು. ಬಾಷಾ ಸಾಬರು ನನ್ನ ಮುಖ ನೋಡಿಯೇ ಹೆದರಿದರು. “ಕಸಂ ಸೇ ಹೇಳ್ತೀನಿ ಸಾಬ್, ರಾಯದುರ್ಗದ ಸಂತೇಲಿ ಹಗಲಲ್ಲೇ ಖರೀದಿ ಮಾಡಿದ ಮಾಲು ಇದು. ಯಾರದು ಹೇಳ್ರಿ?” ಎಂದರು. ಸತ್ತು ಮಣ್ಣಾದ ಎತ್ತಿನದು ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಹದಿನೇಳು ಬೆಳ್ಳಯ್ಯನದೆಂದು ಬಲ್ಲ ದೇವಸಮುದ್ರದವರು ಯಾರೋ ಪರದೆ ಇಣುಕಿ, ಆ ಹೊತ್ತಿಗಾಗಲೇ ಊರಿನ ಬಸ್ಸಿನಲ್ಲಿ ಸುದ್ದಿ ಹತ್ತಿಸಿ ಕಳಿಸಿದ್ದರು.

ಮಾರನೆಯ ಬೆಳಗ್ಗೆ ಓಬಯ್ಯನವರು ಇನ್ನಿಬ್ಬರು ಹಿರಿಯರೊಡನೆ ಪಾಲಯ್ಯನನ್ನು ಕರೆದುಕೊಂಡು ಸಾಬರ ದೊಡ್ಡಿಗೆ ಬಂದರು, ನನಗೂ ಹೇಳಿಕಳಿಸಿದ್ದರು. ಅವರಿಗೆ ಅರ್ಥ ಸರಳವಾಗಿತ್ತು. ಕಿಲಾರಿ ದೇವರ ಎತ್ತನ್ನು ಮಾರಿಕೊಂಡಿದ್ದಾನೆ, ಬೇರೊಂದು ಹೆಣವನ್ನು ಅರಿಶಿಣ ಬಳಿದು ಹೂತಿದ್ದಾನೆ. ಅದು ನಿಜವಾದರೆ ಪಾಲಯ್ಯನಿಗೆ ರೊಪ್ಪವೂ ಇಲ್ಲ, ಕುಲವೂ ಇಲ್ಲ, ಅವನ ಮನೆಯ ನೀರನ್ನು ಯಾರೂ ಕುಡಿಯುವುದಿಲ್ಲ. “ಇವನು ಬೆಳ್ಳಯ್ಯನಲ್ಲ. ಅವನಿಗೆ ನನ್ನ ಕೈಯಾರೆ ಮಣ್ಣು ಹಾಕೀನಿ” ಎಂದ ಪಾಲಯ್ಯ. ಓಬಯ್ಯನವರು, “ಹಂಗಾದ್ರೆ ಕರಿಯಲೇ, ನೋಡಾನ” ಎಂದರು. ಪಾಲಯ್ಯ ದೂರ ನಿಂತು, “ರಾ ನಾಯನಾ, ಬೆಳ್ಳಯ್ಯಾ” ಎಂದು, ಬಾರೋ ಮಗನೇ ಎಂಬಂತೆ ತೆಲುಗಿನಲ್ಲಿ ಕರೆದ. ಮೇವು ತಿನ್ನುತ್ತಿದ್ದ ಆ ಬಿಳಿ ಎತ್ತು ತಿನ್ನುವುದನ್ನು ನಿಲ್ಲಿಸಿ ಕತ್ತು ತಿರುಗಿಸಿತು. ಆ ನೋಟ ಸೂಜಿ ಚುಚ್ಚಿದ ದಿನ ನಾನು ಕಂಡದ್ದೇ. ಪಾಲಯ್ಯ ಅಲ್ಲೇ ಕುಸಿದು ಕೂತ.

ಕೂತಲ್ಲಿಂದಲೇ ನನ್ನ ಕಡೆ ತಿರುಗಿದ. “ಸ್ವಾಮಿ, ನಿಮ್ಮ ಡಬ್ಬಿ ತಗಂಡ್ ಬರ್ರಿ. ಮಣ್ಣಾಗ ಇರೋನ್ನೇ ಕೇಳಾನ.”

ಸಮಾಧಿಯನ್ನು ತೋಡುವಂತಿಲ್ಲ, ಅದು ದೇವರಿಗೆ ಅಪಚಾರ. ತೋಡದೆ ಡಬ್ಬಿ ಹಿಡಿದರೆ ಮೌನ ಖಂಡಿತ. ಆ ಮೌನವೇ ಮುದುಕನ ಮೇಲಿನ ತೀರ್ಪಾಗುತ್ತದೆ. “ಪಾಲಯ್ಯ, ಇದು ಒಂದು ಗೇಣಿನ ಆಚೆಯದನ್ನು ಓದುವುದಿಲ್ಲ. ಬೆಳ್ಳಯ್ಯ ಆಳುದ್ದ ಮಣ್ಣಿನ ಕೆಳಗಿದ್ದಾನೆ. ಅವನಿದ್ದರೂ ಇದಕ್ಕೆ ಕೇಳಿಸುವುದಿಲ್ಲ” ಎಂದು ಮಾನದಂಡದ ಭಾಷೆಯನ್ನೆಲ್ಲ ಮರೆತು ಬೇಡಿಕೊಂಡೆ. ಹಿರಿಯರಿಗೂ ಅದನ್ನೇ ಹೇಳಿದೆ. ಅವರು ನಾನು ಕಿಲಾರಿಯ ಪರ ವಹಿಸುತ್ತಿದ್ದೇನೆ ಎಂದುಕೊಂಡರು. ಪಾಲಯ್ಯ ನಿಧಾನವಾಗಿ, “ಕೇಳೋದು ನಿಮ್ಮ ಕೆಲಸ ಸ್ವಾಮಿ. ಹೇಳೋದು ಬಿಡೋದು ಅವನಿಗೆ ಬಿಟ್ಟಿದ್ದು” ಎಂದ.

ಮಧ್ಯಾಹ್ನ ಬಯಲಿಗೆ ಹೋದೆವು. ಕಾದ ಹಂಚಿನಂಥ ನೆಲ, ಒಂದು ಹಕ್ಕಿಯೂ ಇಲ್ಲ, ದೂರದಲ್ಲಿ ಬೆಟ್ಟ ಬಿಸಿಲಿಗೆ ನಡುಗುತ್ತಿದ್ದಂತೆ ಕಾಣುತ್ತಿತ್ತು. ಬನ್ನಿಗಿಡದ ಬುಡದಲ್ಲಿ ಮಣ್ಣಿನ ದಿಬ್ಬ, ಅದರ ಮೇಲೆ ಬಾಡಿದ ಹೂ. ನಾನು ಚಪ್ಪಲಿ ಬಿಟ್ಟು ಮಂಡಿಯೂರಿ ಡಬ್ಬಿಯನ್ನು ಮಣ್ಣಿಗೆ ಒತ್ತಿ ಗುಂಡಿ ಅದುಮಿದೆ. ಏನೂ ಇಲ್ಲ. ತಲೆಯ ಕಡೆ ಹಿಡಿದೆ, ಕಾಲಿನ ಕಡೆ ಹಿಡಿದೆ, ಯಾವುದು ತಲೆಯೋ ಯಾವುದು ಕಾಲೋ ತಿಳಿಯದೆ ದಿಬ್ಬವನ್ನೆಲ್ಲ ಇಸ್ತ್ರಿ ಮಾಡುವವನಂತೆ ಉಜ್ಜಿದೆ. ಏನೂ ಇಲ್ಲ. ಓಬಯ್ಯನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಅವರ ಬೆನ್ನು ನೋಡುತ್ತ ನನಗೆ ಅಳು ಬಂತು. ಆಗ ನನ್ನ ಹಿಂದೆ ನಿಂತಿದ್ದ ಪಾಲಯ್ಯ ಸಂಜೆ ದನ ಕರೆಯುವ ದನಿಯಲ್ಲಿ, ಅವಸರವೇ ಇಲ್ಲದೆ, “ರಾ ನಾಯನಾ” ಎಂದ.

ಅದುವರೆಗೆ ಬೀಸುತ್ತಿದ್ದ ಗಾಳಿ ಯಾರೋ ಬಾಗಿಲು ಹಾಕಿದಂತೆ ನಿಂತಿತು. ನನ್ನ ಅಂಗೈ ಕೆಳಗೆ ಸುಡುತ್ತಿದ್ದ ಮಣ್ಣು ಹದವಾಗಿ ಬೆಚ್ಚಗಾಯಿತು, ಮಲಗಿದ ದನದ ಹೊಟ್ಟೆ ಬೆಚ್ಚಗಿರುತ್ತದಲ್ಲ, ಹಾಗೆ. ಆಮೇಲೆ ಪೀಂಕ್. ನನ್ನ ಬೆರಳು ಗುಂಡಿಯ ಮೇಲಿರಲಿಲ್ಲ, ಅದನ್ನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಪರದೆಯ ಮೇಲೆ ನಂಬರು ಬಂತು. ಓಬಯ್ಯನವರು ತಿರುಗಿ ಬಂದು ಬಗ್ಗಿ ನೋಡಿ, “ಓದ್ರಿ ಸ್ವಾಮಿ, ನನ್ನ ಕಣ್ಣು ಮಂಜು” ಎಂದರು. ನಾನು ಓದಿದೆ. ಹದಿನೇಳು ಎಂದಾಗ ನನ್ನ ದನಿ ನನ್ನದಾಗಿರಲಿಲ್ಲ. ಹಿರಿಯರು ಮೂವರೂ ಚಪ್ಪಲಿ ಕಳಚಿ ನೆಲಕ್ಕೆ ಹಣೆ ಹಚ್ಚಿದರು. ಪಾಲಯ್ಯ ಮಾತ್ರ ಹಚ್ಚಲಿಲ್ಲ. ದಿಬ್ಬವನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿ, “ಮಲಕ್ಕಳಪ್ಪ ಇನ್ನ” ಎಂದ.

ಸಂಜೆ ಸಾಬರ ದೊಡ್ಡಿಗೆ ಹೋಗಿ ಆ ಬಿಳಿ ಎತ್ತಿಗೆ ಡಬ್ಬಿ ಹಿಡಿದೆವು. ಅದು ಮೂಕ. ಎಡಗಿವಿ, ಬಲಗಿವಿ, ಬೆನ್ನು, ಬಾಲ, ಎಲ್ಲಿ ಹಿಡಿದರೂ ಮೂಕ. ಅಲ್ಲಿಂದಾಚೆ ಅದು ಒಂದು ದಿನವೂ ಓಗೊಡಲಿಲ್ಲ. ಒಂದು ನಂಬರು ಒಂದೇ ಜೀವಕ್ಕೆ ಎಂಬ ನಿಯಮ ಅಂತೂ ಪಾಲನೆಯಾಯಿತು, ಹೇಗೆ ಎಂಬುದು ಮಾತ್ರ ಮಾನದಂಡದಲ್ಲಿಲ್ಲ. ಬಾಷಾ ಸಾಬರು, “ತೋಬಾ, ಇದನ್ನ ನಾನು ಯಾರಿಗೂ ಮಾರಾಕಿಲ್ಲ” ಎಂದು ಎತ್ತನ್ನು ತಾವೇ ನಡೆಸಿಕೊಂಡು ಹೋಗಿ ಪಾಲಯ್ಯನ ರೊಪ್ಪಕ್ಕೆ ಬಿಟ್ಟು ಬಂದರು. ಪಾಲಯ್ಯ ಅದಕ್ಕೆ ಬೇರೆ ಹೆಸರಿಟ್ಟ. ಕಾಳು ಹಾಕಲು ನಾವು ಕೇಳಲಿಲ್ಲ, ಅವನೂ ಕರೆಯಲಿಲ್ಲ.

ನನ್ನ ಕಷ್ಟ ಶುರುವಾದದ್ದು ಇದರ ನಂತರ. ನಡೆದದ್ದನ್ನು ನಡೆದಂತೆ ಮೇಲಿನವರಿಗೆ ವರದಿ ಬರೆದೆ. ಅವರು ಅದನ್ನು ಡಬ್ಬಿ ಮಾಡಿದ ಕಂಪನಿಗೆ ಕಳಿಸಿದರು. ಕಂಪನಿಯವರಿಗೆ ಸತ್ತ ಎತ್ತು ಓಗೊಟ್ಟಿದ್ದರಲ್ಲಿ ಯಾವ ಆಸಕ್ತಿಯೂ ಇರಲಿಲ್ಲ. ಅವರು ಹಿಡಿದುಕೊಂಡದ್ದು ಆಳವನ್ನು. ಆಳುದ್ದ ಮಣ್ಣಿನ ಮೂಲಕ ಓದಿದ್ದರೆ ನಿಮ್ಮ ಯಂತ್ರ ಅನುಮತಿಗಿಂತ ಎಷ್ಟೋ ಪಟ್ಟು ಹೆಚ್ಚು ರೇಡಿಯೋ ಶಕ್ತಿ ಹೊರಸೂಸಿದೆ, ಇದು ವೈರ್‌ಲೆಸ್ ನಿಯಮಗಳ ಉಲ್ಲಂಘನೆ, ಹೆಚ್ಚುವರಿ ಶಕ್ತಿಯನ್ನು ಎಲ್ಲಿಂದ ಪಡೆದಿರಿ ಎಂದು ವಿವರಣೆ ಕೇಳಿದರು. ನಮ್ಮ ಡಾಕ್ಟರನ್ನು ಕೇಳಿದರೆ, “ಮಣ್ಣು ಸಡಿಲ ಇತ್ತು ಅಂತ ಬರೆದುಬಿಡಿ” ಎಂದರು. ನಾನು ನಾಲ್ಕು ಕಾಗದ ಹರಿದು, ಕೊನೆಗೆ “ಸದರಿ ಶಕ್ತಿಯು ನಮ್ಮ ಸಂಸ್ಥೆಗೆ ಸೇರಿದ್ದಲ್ಲ” ಎಂದು ಬರೆದು ಸಹಿ ಮಾಡಿದೆ. ಡಬ್ಬಿಯನ್ನು ವಾಪಸು ತರಿಸಿಕೊಂಡು ಪರೀಕ್ಷಿಸಿದರಂತೆ. ಸರಿಯಾಗಿ ಒಂದು ಗೇಣು ಓದಿತಂತೆ. ನನ್ನ ಬಗ್ಗೆ ಅವರು ಏನು ತೀರ್ಮಾನಿಸಿದರೋ ಗೊತ್ತಿಲ್ಲ, ಆಮೇಲೆ ನನ್ನ ಕೈಗೆ ಯಾವ ಯಂತ್ರವನ್ನೂ ಕೊಡಲಿಲ್ಲ.

ಈಗಲೂ ಕೆಲಸದ ಮೇಲೆ ರಾಂಪುರಕ್ಕೆ ಆ ದಾರಿಯಲ್ಲೇ ಬಳ್ಳಾರಿ ಬಸ್ಸಿನಲ್ಲಿ ಹೋಗುತ್ತಿರುತ್ತೇನೆ. ಬೆಟ್ಟ ಕಾಣುತ್ತಿದ್ದಂತೆ ಪೇಪರಿನಲ್ಲಿ ಮುಖ ಹುದುಗಿಸಿ ಕೂರುತ್ತೇನೆ. ಆ ಬಯಲಿನಿಂದ ಯಾರಾದರೂ ನನ್ನನ್ನು ಕರೆದರೆ, ನನಗೆ ಗೊತ್ತಾಗುವ ಮೊದಲೇ ನಾನು ಓಗೊಟ್ಟುಬಿಟ್ಟೇನೋ ಎಂಬ ಭಯ. ಹೋದ ತಿಂಗಳು ಹಾಗೇ ಕೂತಿದ್ದಾಗ ಹಿಂದಿನಿಂದ ಒಂದು ದನಿ, “ಸಾ... ಓ ಸಾ...” ಎಂದಿತು. ನಾನು ಉಸಿರು ಬಿಗಿಹಿಡಿದೆ. ಮತ್ತೆ ಕರೆಯಿತು, ಹೆಗಲನ್ನೂ ಮುಟ್ಟಿತು. ಕಣ್ಣು ಬಿಗಿಯಾಗಿ ಮುಚ್ಚಿ ಮನಸ್ಸಿನಲ್ಲಿ ಗೊತ್ತಿದ್ದ ದೇವರನ್ನೆಲ್ಲ ನೆನೆದೆ, ಓಗೊಡಲಿಲ್ಲ. ಬಹಳ ಹೊತ್ತಿನ ಮೇಲೆ ಧೈರ್ಯ ಮಾಡಿ ಕಣ್ಣು ಬಿಟ್ಟರೆ ಬಸ್ಸು ರಾಂಪುರ ದಾಟಿ ಬಳ್ಳಾರಿ ಸ್ಟ್ಯಾಂಡಿನಲ್ಲಿ ನಿಂತಿತ್ತು, ಕಂಡಕ್ಟರು ಎದುರಿಗಿದ್ದ. “ರಾಂಪುರ ರಾಂಪುರ ಅಂತ ಬಾಯಿ ಬಡ್ಕಂಡೆ, ಭುಜ ಅಲ್ಲಾಡಿಸಿದೆ, ಮಿಸುಕಲಿಲ್ವಲ್ರಿ” ಎಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವರಿಗೆ ಕೇಳಿಸದಂತೆ ದನಿ ತಗ್ಗಿಸಿದ. “ನಿಜ ಹೇಳ್ತೀನಿ ಸಾ, ಬೇಜಾರಾಗಬ್ಯಾಡ್ರಿ, ಹೋಗೇಬಿಟ್ಟೀರಿ ಅಂದ್ಕಂಡಿದ್ದೆ.”